ಇಸ್ತ್ರಿ ಅಂಗಡಿಯ ಸುಂಡಿಲಿ

ಇಸ್ತ್ರಿ ಅಂಗಡಿಯ ಅಮ್ಮನ ಅಂಗೈ ಒರಟಾಗಿದ್ದು ಇಸ್ತ್ರಿಪೆಟ್ಟಿಗೆಯಿಂದ. ಮಾತು ಮಾತ್ರ ಹುಟ್ಟಿನಿಂದಲೇ ಒರಟು. ಗಂಡ ಶಾಲೆಯ ಪ್ರಯೋಗಾಲಯದಲ್ಲಿ ಅಟೆಂಡರ್. ಸೀಸೆ ತೊಳೆಯುವಾಗ ಮೇಷ್ಟ್ರ ಪಾಠ ಕಿವಿಗೆ ಬಿದ್ದರೆ ಮುಗಿಯಿತು, ಸಂಜೆ ಅಂಗಡಿಗೆ ಬಂದು ಹೆಂಡತಿಗೆ ಒಪ್ಪಿಸುವ ತನಕ ಆ ಪುಣ್ಯಾತ್ಮನಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಸಂಜೆ ಮೇಜಿನ ಕೆಳಗೆ ಚಿಕ್ ಚಿಕ್ ಎಂದು ಏನೋ ಓಡಿತು. ಅವಳು ಪೊರಕೆ ಎತ್ತಿದಳು. ಅವನು ಅಡ್ಡ ನಿಂತ.

"ಅದು ಇಲಿ ಅಲ್ಲ ಕಣೇ, ಸುಂಡಿಲಿ. ಕೀಟಾಹಾರಿ!"

"ಅದೇನ್ರೀ, ಬೈಗುಳಾನಾ?"

ತಗೋ, ಅಷ್ಟೇ ಸಾಕಾಯಿತು. "ಕೀಟ ಅಂದ್ರೆ ಹುಳ. ಆಹಾರ ಅಂದ್ರೆ ಊಟ. ಹುಳಾನೇ ಊಟ ಮಾಡೋದು ಕೀಟಾಹಾರಿ. ಹಲ್ಲಿ, ಕಪ್ಪೆ ಎಲ್ಲಾ ಅದೇ ಪಂಗಡ. ಎರಡೂ ಸಂಸ್ಕೃತದ ಮಾತು. ಬಾಡಿಗೆಗೆ ಅಂತ ಬಂದು ಕನ್ನಡದಲ್ಲಿ ಸ್ವಂತ ಮನೇನೇ ಮಾಡ್ಕೊಂಡ್ಬಿಟ್ಟಿವೆ!"

"ಸಾಕು ಮಾಡ್ರೀ ನಿಮ್ಮ ಪಾಠ," ಎಂದಳು. ಪೊರಕೆಯನ್ನೇನೋ ಕೆಳಗಿಟ್ಟಳು. ಆಮೇಲೆ ಜಿರಳೆ ಕಂಡಾಗಲೆಲ್ಲ ಅವನು ಪಾಠ ಶುರು ಮಾಡುವುದು, ಇವಳು ಸಾಕು ಮಾಡ್ರೀ ಎನ್ನುವುದು. ಸಂಸಾರ ಹೀಗೇ ಸಾಗಿತು.

ಅವನು ತೀರಿಕೊಂಡ ಮೇಲೆ ಗೊತ್ತಾಯಿತು, ಪಾಠವಿಲ್ಲದ ಸಂಜೆ ಎಷ್ಟು ಉದ್ದ ಅಂತ. ಮೇಜಿನ ಕೆಳಗೆ ಚಿಕ್ ಚಿಕ್ ಕೇಳಿಸಿದರೆ ಮಾತ್ರ ಅವನು ಅಲ್ಲೇ ನಿಂತಿದ್ದಾನೆ ಅನಿಸುತ್ತಿತ್ತು.

ಈಗ ಅಂಗಡಿ ನಡೆಸುವವಳು ಮಗಳು. ಮೊನ್ನೆ ಯಾವುದೋ ಇಲಿ ಗಿರಾಕಿಯ ಅಂಗಿತೋಳು ಕಡಿದುಹಾಕಿತು. ಮಗಳು ಬೋನಿಟ್ಟಳು. ಬೆಳಿಗ್ಗೆ ನೋಡಿದರೆ ಒಳಗೆ ಸುಂಡಿಲಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ. ಮಗಳು ಬೋನನ್ನು ನೀರು ತುಂಬಿದ ಬಕೆಟ್ಟಿನ ಮೇಲೆ ಹಿಡಿದಿದ್ದಳು.

"ಲೇ, ತಡಿಯೇ!" ಮುದುಕಿ ಮಂಡಿನೋವು ಮರೆತು ಓಡಿಬಂದಳು. "ಅದರ ಮೂತಿ ನೋಡು, ಎಷ್ಟುದ್ದ! ಬಟ್ಟೆ ಕಡಿಯೋ ಜಾತಿನೇ ಅಲ್ಲ ಅದು. ಕೀಟಾಹಾರಿ. ಕೀಟ ಅಂದ್ರೆ ಹುಳ, ಆಹಾರ ಅಂದ್ರೆ ಊಟ..." ಗಂಡ ಹೇಳುತ್ತಿದ್ದ ಹಾಗೆಯೇ, ಬೆರಳು ಮೇಲೆತ್ತಿ, ಬಾಡಿಗೆಗೆ ಬಂದ ಮಾತುಗಳ ತನಕ ಒಂದಕ್ಷರ ಬಿಡದೆ ಒಪ್ಪಿಸಿದಳು.

ಮಗಳು ಬಿಟ್ಟ ಬಾಯಿ ಬಿಟ್ಟಂತೆಯೇ ಕೇಳಿದಳು. ಆಮೇಲೆ ಬೋನನ್ನು ಮೇಜಿನ ಕೆಳಗಿಟ್ಟು ಬಾಗಿಲು ತೆರೆದಳು. ಸುಂಡಿಲಿ ಚಿಕ್ ಎಂದು ಮೂಲೆ ಸೇರಿತು.

"ಸಾಕು ಮಾಡಮ್ಮ ನಿನ್ನ ಪಾಠ!" ಎಂದು ನಕ್ಕಳು ಮಗಳು.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದ್ ಸಲ ಹೇಳೇ," ಎಂದಳು.