ಬೋರ್ಡಿನಲ್ಲಿದ್ದ ಬಂಗುಡೆ

ಸ್ಮಾರ್ಟ್ ಬೋರ್ಡು ನನ್ನ ಮೊಮ್ಮಗಳ ತಲೆ ಕೆಡಿಸಿದ್ದಲ್ಲ, ಕೆಡಿಸಿದವಳು ನಾನು. ಇದಕ್ಕೆ ಇಬ್ಬರು ಟೀಚರುಗಳು ಅರ್ಧ ಗಂಟೆ ಚರ್ಚೆ ಮಾಡಬೇಕಿರಲಿಲ್ಲ. ಮೂರನೇ ಕ್ಲಾಸು ಓದಿದ ನನ್ನನ್ನು ಕೇಳಿದ್ದರೆ ಸಾಕಿತ್ತು.

ಆದದ್ದು ಇಷ್ಟು. ಏಳನೇ ಕ್ಲಾಸಿನ ನಮ್ಮ ಪ್ರತೀಕ್ಷಾಳಿಗೆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ‘ತಾಜಾ ಮೀನನ್ನು ಗುರುತಿಸುವುದು ಹೇಗೆ’ ಎಂಬ ಸ್ಟಾಲು ಕೊಟ್ಟಿದ್ದರು. ಮೀನುಗಾರರ ಊರು ಬೆಂಗ್ರೆಯ ಹುಡುಗಿ, ಅಜ್ಜಿ ಮೀನು ಮಾರುವವಳು. ಮತ್ತೆ ಯಾರಿಗೆ ಕೊಡುತ್ತಾರೆ? ಬೋರ್ಡಿನಲ್ಲಿ ಬಂದ ಒಂಬತ್ತು ಲಕ್ಷಣಗಳನ್ನು ಅವಳು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ತಾಲೀಮಿನ ದಿನ ಟೀಚರು ತಟ್ಟೆಯಲ್ಲಿ ಎರಡು ಬಂಗುಡೆ ಇಟ್ಟು, “ಯಾವುದು ಇವತ್ತಿನದ್ದು?” ಎಂದರು. ಹುಡುಗಿ ಮೀನನ್ನು ಬಿಟ್ಟು ಬೋರ್ಡಿನ ಕಡೆಗೆ ತಿರುಗಿದಳು. ಬೋರ್ಡು ಆಫ್ ಆಗಿತ್ತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳನ್ನು ಸ್ಟಾಲಿನಿಂದ ತೆಗೆಯುವ ಮಾತು ಬಂತು. ಸೊಸೆಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಹಾಗಾಗಿ ಶಾಲೆಗೆ ನಾನು ಹೋದೆ.

ಶೇಖರ ಮಾಷ್ಟ್ರಿಗೆ ಬೋರ್ಡೆಂದರೆ ಆಗದು. “ಬಟನ್ ಒತ್ತಿದ್ರೆ ಉತ್ತರ ಬರ್ತದೆ. ಮತ್ತೆ ಮಕ್ಕಳು ಯೋಚನೆ ಎಂತಕ್ಕೆ ಮಾಡ್ತಾರೆ?”

ವಿಜ್ಞಾನದ ಫ್ಲೇವಿ ಟೀಚರು ಬಿಡಲಿಲ್ಲ. “ಮಾಷ್ಟ್ರೆ, ಬೋರ್ಡು ಬರುವ ಮೊದಲು ಎಂತ ಯೋಚನೆ ಮಾಡ್ತಿದ್ರು? ನಿಮ್ಮ ಮುಖ ನೋಡ್ತಿದ್ರು, ಅಷ್ಟೆ. ಮೀನಿನ ಹೊಟ್ಟೆಯೊಳಗೆ ಎಂತ ಉಂಟು ಅಂತ ಬೋರ್ಡಲ್ಲಿ ತೋರಿಸಿದ ದಿನ ಈ ಮಕ್ಕಳು ಪ್ರಶ್ನೆ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡಿದ್ದಾರೆ.”

ಇಬ್ಬರದ್ದೂ ಸರಿ ಎನಿಸಿತು, ಅದೇ ಕಷ್ಟ. ಕೊಡಿಯಾಲ್‌ಬೈಲಿನ ನನ್ನ ಗಿರಾಕಿ ಮನೆಗಳ ಫೋನ್ ನಂಬರೆಲ್ಲ ಮೊದಲು ನನಗೆ ಬಾಯಿಗೆ ಬರುತ್ತಿತ್ತು. ಈಗ ಮೊಬೈಲಿನಲ್ಲಿ ಅವರವರ ಫೋಟೋ ಒತ್ತುತ್ತೇನೆ. ಬ್ಯಾಟರಿ ಹೋದರೆ ನನಗೆ ಮಗನೂ ಇಲ್ಲ, ಗಿರಾಕಿಯೂ ಇಲ್ಲ. ಆದರೆ ಮೀನಿನ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಲಾರರು. ಬೆರಳು ಒತ್ತಬೇಕು. ಗುಳಿ ಹಾಗೇ ಉಳಿದರೆ ಹಳತು, ಪುಟಿದು ಮೇಲೆ ಬಂದರೆ ಇವತ್ತಿನದ್ದು. ಇದನ್ನು ಅತ್ತೆ ನನಗೆ ಹೇಳಿಕೊಟ್ಟವರಲ್ಲ. ಮೊದಲ ದಿನ ನಾನು ತಂದ ಮೆತ್ತಗಿನ ಮೀನನ್ನು ಯಾರೂ ಕೊಳ್ಳಲಿಲ್ಲ. ಅತ್ತೆ ಅದನ್ನೇ ನನಗೆ ಎರಡು ಹೊತ್ತು ಬಡಿಸಿದರು. ಮೂರನೆಯ ಹೊತ್ತಿಗೆ ಬೆರಳಿಗೆ ಬುದ್ಧಿ ಬಂತು.

“ಅಜ್ಜಿ, ನಿಮ್ಮ ಮನೆಯಲ್ಲೇ ಮೀನು ಉಂಟಲ್ಲ,” ಎಂದರು ಫ್ಲೇವಿ ಟೀಚರು. “ಇವಳು ಒಂದು ದಿನವೂ ಮುಟ್ಟಿ ನೋಡ್ಲಿಲ್ವಾ?”

“ನಾನು ಬಿಡ್ಲಿಲ್ಲ. ಕೈ ವಾಸನೆ ಅಂತ ಕ್ಲಾಸಲ್ಲಿ ಪಕ್ಕದವರು ಮೂಗು ಮುಚ್ಚಬಾರದಲ್ಲ.”

ನನ್ನ ಮಗ ಶಾಲೆಗೆ ಹೋಗುವಾಗ ಅವನ ಪಕ್ಕದವರು ಮುಚ್ಚಿದ್ದರು. ಅದಕ್ಕೇ ಇವಳು ಬುಟ್ಟಿಯ ಹತ್ತಿರ ಬಂದರೆ ಕೈಗೆ ಒಂದು ಪೆಟ್ಟು ಕೊಡುತ್ತಿದ್ದೆ. ಟೀಚರುಗಳಿಬ್ಬರೂ ಮೊದಲ ಬಾರಿ ಒಂದೇ ಮಾತಿಗೆ ಬಂದರು. ನಾಳೆ ಇನ್ನೊಮ್ಮೆ ಕೇಳುತ್ತೇವೆ, ಸರಿಯಾಗಿ ಹೇಳಿದರೆ ಸ್ಟಾಲು ಅವಳದ್ದೇ ಎಂದರು.

ಮರುದಿನ ಬೆಳಿಗ್ಗೆ ಹೊಳೆ ದಾಟುವ ಮೊದಲ ಫೆರಿಯಲ್ಲಿ ಅವಳನ್ನು ದೋಣಿಗಳು ಮೀನು ಇಳಿಸುವ ದಕ್ಕೆಗೆ ಕರೆದುಕೊಂಡು ಹೋದೆ.

“ಅಜ್ಜಿ, ಕೈ ವಾಸನೆ ಬರ್ತದೆ,” ಎಂದಳು. ನನ್ನದೇ ಮಾತು.

“ಬರ್ಲಿ. ಸಾಬೂನು ಉಂಟು.”

ಒಂದು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ಬಂಗುಡೆ ಒತ್ತಿದಳು. ಮತ್ತೆ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಹೊಳೆಯ ಕಡೆ ತಿರುಗಿ ನಿಂತೆ. ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ಬಾಯಿ ಮುಚ್ಚಿದವಳಲ್ಲ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಬುಟ್ಟಿಯವಳ ಬೊಬ್ಬೆ: “ನನ್ನ ಮೀನು ನಿನ್ನೆಯದ್ದಂತೆ! ಅದೂ ಗಿರಾಕಿಗಳ ಎದುರು! ಯಾರ ಮಗು ಮಾರಾಯ್ತಿ ಇದು?”

ನಾನು ಬಗ್ಗಿ ಮೀನನ್ನು ಒತ್ತಿದೆ. ಗುಳಿ ಹಾಗೇ ಉಳಿಯಿತು.

“ನನ್ನದೇ,” ಎಂದೆ.