ದಾನಿಯೇಲಪ್ಪನ ಖಾಲಿ ಪುಟ

ಜೆಡ್ಡಾದ ಅಜೀಜಿಯಾದಿಂದ ನಾನು ಹೊರಟದ್ದು ನವೆಂಬರಿನ ಒಂದು ಗುರುವಾರ ಬೆಳಿಗ್ಗೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟೇಪ್ ರೆಕಾರ್ಡರ್, ಮೂರು ಖಾಲಿ ಕ್ಯಾಸೆಟ್ ಇದ್ದವು. ಅಂಗಿಯ ಜೇಬಿನಲ್ಲಿ ನನ್ನ ಕಫೀಲ್ ಸಹಿ ಮಾಡಿಕೊಟ್ಟ ಕಾಗದ. ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮಂಥವರು ಊರಿಂದೂರಿಗೆ ಹೋಗಲು ಇಕಾಮಾ ಎಂಬ ವಾಸದ ಪರವಾನಗಿ ಒಂದೇ ಸಾಲದು, ಕೆಲಸಕ್ಕಿಟ್ಟುಕೊಂಡ ಕಫೀಲನ ಪತ್ರವೂ ಬೇಕಿತ್ತು. ಅಷ್ಟು ದೂರದ ಉತ್ತರದ ಹಫ್ರ್ ಅಲ್ ಬಾತಿನ್‌ಗೆ ಯಾಕೆ ಹೋಗುತ್ತೀ ಎಂದು ಅವನು ಕೇಳಿದಾಗ, ಸತ್ತವನೊಬ್ಬನನ್ನು ವಿಚಾರಿಸಲು ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಸಂಬಂಧಿಕರ ಭೇಟಿ' ಎಂದು ಬರೆದುಕೊಟ್ಟ. ನರ್ಸ್ ಕೆಲಸದಲ್ಲಿ ನಾನು ಚುರುಕು ಎಂಬ ಒಂದೇ ಕಾರಣಕ್ಕೆ ನನ್ನ ವಿಚಿತ್ರಗಳನ್ನೆಲ್ಲ ಅವನು ಸಹಿಸಿಕೊಂಡಿದ್ದ.

ನಾನು ಸುಳ್ಳೇನೂ ಹೇಳಿರಲಿಲ್ಲ. ನಮ್ಮದು ರಾಯಚೂರು ಸೀಮೆಯ ಒಂದು ಸಣ್ಣ ಮೆನೊನೈಟ್ ಕ್ರೈಸ್ತ ಸಭೆ. ಮುತ್ತಜ್ಜಂದಿರು ಕೃಷ್ಣೆಯಾಚೆಯ ತೆಲುಗು ನಾಡಿನಿಂದ ಬಂದು ನೆಲೆಸಿದವರು. ನಮ್ಮಲ್ಲಿ ವರ್ಷದ ಕೊನೆಯ ಭಾನುವಾರ ತೀರಿಹೋದವರನ್ನು ನೆನೆಯುತ್ತೇವೆ. ಸಭೆಯ ದಪ್ಪ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ. ಅದರಲ್ಲಿ ಹೊಗಳಿಕೆ ಬರೆಯುವಂತಿಲ್ಲ. ಮನುಷ್ಯ ಏನು ಮಾಡಿದ, ಎಲ್ಲಿ ಎಡವಿದ, ಅಷ್ಟೇ. ಪುಟ ಓದಿ ಮುಗಿದ ಮೇಲೆ ಸಭೆಯ ಹಿರಿಯರು, "ಇದು ಹೌದೋ?" ಎಂದು ಕೇಳುತ್ತಾರೆ. ಆ ಬದುಕನ್ನು ಕಣ್ಣಾರೆ ಕಂಡವರೊಬ್ಬರು, ಮನೆಯವರಲ್ಲದವರು, ಎದ್ದು ನಿಂತು "ಹೌದು" ಎನ್ನಬೇಕು. ಆಣೆಯಿಲ್ಲ, ಪ್ರಮಾಣವಿಲ್ಲ. ನಮ್ಮವರು ಕೋರ್ಟಿನ ಕಟಕಟೆಯಲ್ಲೂ ಆಣೆ ಇಡುವವರಲ್ಲ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ. ಕಂಡವರು ಸಿಗದಿದ್ದರೆ ಪುಟ ಖಾಲಿ ಉಳಿಯುತ್ತದೆ.

ಹಿಂದಿನ ವರ್ಷ ಖಾಲಿ ಉಳಿದದ್ದು ದಾನಿಯೇಲಪ್ಪನ ಪುಟ. ಅವನು ನನಗಿಂತ ಹತ್ತು ವರ್ಷ ದೊಡ್ಡವನು. ಹಫ್ರ್ ಅಲ್ ಬಾತಿನ್‌ನಲ್ಲಿ ನೀರಿನ ಪಂಪು ಮಾರುವ ಅಂಗಡಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅಲ್ಲಿಯೇ ಎದೆನೋವು ಬಂದು ತೀರಿಕೊಂಡ. ಶವ ಊರಿಗೆ ಬಂತು, ಮಣ್ಣಾಯಿತು. ಆದರೆ ಆ ಎಂಟು ವರ್ಷ ಅವನು ಹೇಗೆ ಬದುಕಿದ ಎಂಬುದು ಸಭೆಯಲ್ಲಿ ಯಾರಿಗೂ ತಿಳಿಯದು. ತಿಳಿದದ್ದು ಒಂದೇ, ಅದೂ ನನ್ನಿಂದ. ಅವನು ಸಾಯುವುದಕ್ಕೆ ನಾಲ್ಕು ವರ್ಷ ಮೊದಲು ಜೆಡ್ಡಾದಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಊರಿಗೆ ಬರೆದ ಪತ್ರದಲ್ಲಿ ಒಂದು ಸಾಲು ಸೇರಿಸಿದ್ದೆ: ಉಗ್ರಾಣದಲ್ಲಿ ಏನೋ ಕಳವಾಗಿ ದಾನಿಯೇಲಪ್ಪನನ್ನು ಆ ಕೆಲಸದಿಂದ ತೆಗೆದಿದ್ದಾರಂತೆ. ಅದೇ ವರ್ಷ ಅವನಿಂದ ಹೆಂಡತಿ ರೂತಮ್ಮನಿಗೆ ಪತ್ರಗಳು ಬರುವುದೂ ನಿಂತಿತ್ತು. ಎರಡನ್ನೂ ಸೇರಿಸಿ ಊರು ತನಗೆ ಬೇಕಾದ ಕಥೆ ಕಟ್ಟಿಕೊಂಡಿತು. ಆಮೇಲೆ ಪತ್ರಗಳು ಮತ್ತೆ ಶುರುವಾದರೂ ಕಥೆ ಹಾಗೇ ಉಳಿಯಿತು.

ರೂತಮ್ಮ ನನ್ನನ್ನು ಬೈದವಳಲ್ಲ. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ, "ಆ ಪುಟ ತುಂಬಿಸಿಕೊಂಡು ಬಾರಪ್ಪ. ಕಳ್ಳ ಆಗಿದ್ರ ಕಳ್ಳ ಅಂತನೇ ಬರಸು. ಖಾಲಿ ಬಿಡಬ್ಯಾಡ" ಎಂದಷ್ಟೇ ಹೇಳಿದ್ದಳು. ಬೈದಿದ್ದರೆ ಸುಲಭವಿತ್ತು.

ಶವದ ಪೆಟ್ಟಿಗೆಯ ಜೊತೆ ಬಂದ ಅರಬಿ ಕಾಗದಗಳ ಮೂಲೆಯಲ್ಲಿ ಕನ್ನಡದಲ್ಲಿ ಒಂದು ಹೆಸರು, ಒಂದು ಅಂಚೆ ಪೆಟ್ಟಿಗೆಯ ಸಂಖ್ಯೆ ಇತ್ತು: ಹಸನಬ್ಬ. ಬರೆದೆ. ತಿಂಗಳ ಬಳಿಕ ಒಂದೇ ಪದದ ಉತ್ತರ ಬಂತು, 'ಬನ್ನಿ'. ಅಷ್ಟು ದೂರದಿಂದ ಅವನನ್ನು ಸಭೆಗೆ ಕರೆತರುವುದು ಆಗದ ಮಾತು. ಕ್ಯಾಸೆಟ್ ನಡೆಯುತ್ತದೆಯೇ ಎಂದು ನಮ್ಮ ಹಿರಿಯರಾದ ಆಬ್ರಹಾಮಪ್ಪನವರಿಗೆ ಬರೆದು ಕೇಳಿದ್ದೆ. ಬಾಯಿ ಅವನದೇ ಆಗಿರಬೇಕು, ಕಾಲೂ ಸಭೆಯೊಳಗೇ ಇರಬೇಕೆಂಬ ನಿಯಮವೇನಿಲ್ಲ ಎಂದು ಅವರು ಉತ್ತರಿಸಿದ್ದರು. ಹಾಗಾಗಿ ಚೀಲದಲ್ಲಿ ಟೇಪ್ ರೆಕಾರ್ಡರ್.

ಬುರೈದಾಕ್ಕೆ ಬಾಡಿಗೆ ಕಾರು ಹಿಡಿದೆ. ಯೆಮನಿನ ಚಾಲಕ, ನನ್ನನ್ನೂ ಸೇರಿ ಐದು ಜನ. ಸುಮಾರು ಒಂಬೈನೂರು ಕಿಲೋಮೀಟರ್ ಹಾದಿ. ಮದೀನಾ ಹತ್ತಿರವಾಗುತ್ತಿದ್ದಂತೆ ಚಾಲಕ ಎಲ್ಲರ ಇಕಾಮಾ ನೋಡಿದ. ನನ್ನದು ಕ್ರೈಸ್ತನ ಇಕಾಮಾ. ಮುಸ್ಲಿಮರಲ್ಲದವರಿಗೆ ಮದೀನಾದೊಳಗೆ ಪ್ರವೇಶವಿಲ್ಲ. ನನ್ನೊಬ್ಬನಿಂದಾಗಿ ಕಾರು ಊರೊಳಗೆ ಹೋಗುವಂತಿಲ್ಲ, ಸುತ್ತಿಕೊಂಡು ಹೊರದಾರಿಯಲ್ಲೇ ಹೋಗಬೇಕು. ಮದೀನಾದಲ್ಲಿ ಇಳಿದು ನಮಾಜು ಮಾಡುವ ಆಸೆಯಿಂದ ಹತ್ತಿದ್ದ ಪಾಕಿಸ್ತಾನಿ ಮುದುಕನೊಬ್ಬ ನನ್ನ ಪಕ್ಕದಲ್ಲಿದ್ದ. ಸಂಕೋಚದಿಂದ ಮುದುಡಿ ಕೂತೆ. ಅವನು ಎಲ್ಲಿಗೆ, ಯಾಕೆ ಎಂದು ವಿಚಾರಿಸಿದ. ನನ್ನ ಹರಕು ಹಿಂದಿಯಲ್ಲಿ ಇಡೀ ಕಥೆ ಹೇಳಿದೆ. ಆತ, ಇವನು ಸತ್ತವನ ಮಾನಕ್ಕಾಗಿ ಹೋಗುತ್ತಿದ್ದಾನೆ, ಸುತ್ತು ದಾರಿಯಲ್ಲೇ ನಡಿ ಎಂದು ಚಾಲಕನಿಗೆ ಹೇಳಿದ. ಮುಂದೆ ರಸ್ತೆ ಬದಿಯ ಹೋಟೆಲಿನಲ್ಲಿ ಎಲ್ಲರೂ ಒಂದೇ ತಟ್ಟೆಯಲ್ಲಿ ಕೋಳಿ ಅನ್ನ ಉಂಡೆವು. ದೊಡ್ಡ ತುಂಡನ್ನು ಮುದುಕ ನನ್ನ ಕಡೆ ತಳ್ಳಿದ.

ಸಂಜೆ ಬುರೈದಾ ಸೇರಿದೆ. ಅಜೀಜಿಯಾದಲ್ಲಿ ನನಗೆ ಪರಿಚಯದ ಭಟ್ಕಳದ ವ್ಯಾಪಾರಿಯೊಬ್ಬರ ತಮ್ಮ ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಖರ್ಜೂರದ ಸುಗ್ಗಿ ಮುಗಿದಿದ್ದರೂ ಪೇಟೆಯ ಗಾಳಿಯಲ್ಲಿ ಇನ್ನೂ ಸಿಹಿ ಇತ್ತು. ಮಲಗಲು ಜಾಗ ಕೊಟ್ಟು, ಬೆಳಿಗ್ಗೆ ಹಫ್ರ್‌ಗೆ ಸರಕು ಒಯ್ಯುವ ತಮ್ಮ ಪಿಕಪ್ಪಿನಲ್ಲಿ ನನ್ನನ್ನೂ ಹತ್ತಿಸಿದರು. ನನ್ನ ಕಥೆ ಕೇಳಿ, ದಾನಿಯೇಲಪ್ಪನ ವಿಧವೆಗೆ ಎಂದು ಖರ್ಜೂರದ ಡಬ್ಬಿಯೊಂದನ್ನು ಕೊಟ್ಟರು. ಅವಳಿಗೆ ನಿಮ್ಮ ಪರಿಚಯವೇ ಇಲ್ಲವಲ್ಲ ಎಂದರೆ, ಖರ್ಜೂರಕ್ಕೆ ಪರಿಚಯ ಯಾಕೆ ಎಂದು ನಕ್ಕರು.

ಹಫ್ರ್‌ಗೆ ನಾನೂರು ಚಿಲ್ಲರೆ ಕಿಲೋಮೀಟರ್. ಎರಡು ಕಡೆಯೂ ಬೋಳು ಬಯಲು, ಅಲ್ಲಲ್ಲಿ ಒಂಟೆಗಳು, ಚಳಿಗೆ ಕಂಬಳಿ ಹೊದ್ದ ಕುರುಬರು. ಜೆಡ್ಡಾದ ಬೆವರಿಗೆ ಒಗ್ಗಿದ ನಾನು ಸ್ವೆಟರ್ ತಂದಿರಲಿಲ್ಲ. ಪಿಕಪ್ಪಿನ ಪಠಾಣ ಚಾಲಕ ತನ್ನ ಶಾಲನ್ನು ಕೊಟ್ಟ. ಹತ್ತೂವರೆಗೆ ಊರು ಮುಟ್ಟಿದೆವು. ಶುಕ್ರವಾರವಾದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು. ಪಂಪಿನ ಅಂಗಡಿಯ ಮುಂದೆ ತೆಳ್ಳಗಿನ, ನರೆತ ಗಡ್ಡದ ಮನುಷ್ಯನೊಬ್ಬ ನಿಂತಿದ್ದ. ಕಾಪು ಕಡೆಯ ಬ್ಯಾರಿ, ಆ ಅಂಗಡಿಯ ಲಾರಿ ಚಾಲಕ, ಹಸನಬ್ಬ.

ಅವನು ನನ್ನ ಕೈ ಹಿಡಿದು, "ಎಷ್ಟು ತಡ ಮಾಡಿದ್ರಿ ಮಾರಾಯ್ರೆ" ಎಂದ. 

ಅಂಗಡಿಯ ಹಿಂದೆ ಅವನ ಕೋಣೆ. ಎರಡು ಮಂಚ, ಒಂದು ಖಾಲಿ. ಅದು ದಾನಿಯೇಲಪ್ಪನದು, ಒಂದೂವರೆ ವರ್ಷವಾದರೂ ಇನ್ನೊಬ್ಬನನ್ನು ಸೇರಿಸಿಕೊಂಡಿಲ್ಲ ಎಂದ. ಮಸೀದಿಗೆ ಹೋಗಿ ಬಂದು ನನಗೆ ಊಟ ಬಡಿಸಿದ. ನೋಡಿದರೆ ಜೋಳದ ರೊಟ್ಟಿ! ಸುಡಾನಿಗಳ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆಂದು ಕಂಡುಹಿಡಿದವನು ದಾನಿಯೇಲಪ್ಪನಂತೆ. ಕಲಿಸಿದವನೂ ಅವನೇ. ಸಮುದ್ರದ ದಂಡೆಯವನು ಮರುಭೂಮಿಯಲ್ಲಿ ತಟ್ಟಿದ ರೊಟ್ಟಿ ನಮ್ಮ ಊರಿನ ಕಣ್ಣಿಗೆ ಅಷ್ಟೇನೂ ದುಂಡಗಿರಲಿಲ್ಲ, ಅಂಚು ಹರಿದಿತ್ತು. ಮೂರು ತಿಂದೆ. 

ಊಟದ ಮೇಲೆ ನಾನೇ ನನ್ನ ಪತ್ರದ ಆ ಸಾಲಿನ ವಿಷಯ ಎತ್ತಿದೆ. ಹಸನಬ್ಬ ತಲೆ ಆಡಿಸಿ, ಉಗ್ರಾಣದಿಂದ ತೆಗೆದದ್ದು ನಿಜವೇ ಎಂದ.  ಆಮೇಲೆ ಅವನು ಉಳಿದದ್ದನ್ನು ಹೇಳಿದ.

ಆ ವರ್ಷ ಉಗ್ರಾಣದಿಂದ ಒಂದು ದೊಡ್ಡ ಪಂಪು ಕಾಣೆಯಾಯಿತು. ಅಂಗಡಿಯ ಒಡೆಯನಾದ ಕಫೀಲ್ ಒಂಬತ್ತು ಮಂದಿ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, ನಾನು ತೆಗೆದಿಲ್ಲ ಎಂದು ದೇವರ ಆಣೆ ಇಡಿ ಎಂದ. ಆ ನಾಡಿನಲ್ಲಿ 'ವಲ್ಲಾಹಿ', ಅಂದರೆ ಅಲ್ಲಾಹನಾಣೆ, ಎನ್ನುವುದು ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತು. ತರಕಾರಿ ಮಾರುವವನಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಎಂಟು ಮಂದಿ ಹೇಳಿದರು. ದಾನಿಯೇಲಪ್ಪನ ಸರದಿ ಬಂದಾಗ ಅವನು ತೆಗೆದಿಲ್ಲ ಎಂದ. ಆಣೆ ಇಡು ಎಂದರೆ, ಇಡುವುದಿಲ್ಲ ಎಂದ. ಅವನು ಅಲ್ಲಾಹನ ಹೆಸರು ಹೇಳಬೇಕಿಲ್ಲ, ಅವನ ದೇವರ ಹೆಸರಿನಲ್ಲೇ ಇಡಲಿ ಎಂದು ಕಫೀಲ್ ಸಮಾಧಾನದಿಂದಲೇ ಹೇಳಿದನಂತೆ. ಅದೂ ಆಗುವುದಿಲ್ಲ ಎಂದ. ಕದ್ದವನಲ್ಲದೆ ಇನ್ಯಾರು ಹೀಗೆ ಹಟ ಹಿಡಿಯುತ್ತಾರೆ? ಉಗ್ರಾಣದ ಬೀಗದ ಕೈ ಕಿತ್ತುಕೊಂಡು, ಇರಾಕಿನ ಗಡಿಯ ಕಡೆ ಬಾವಿ ಕೊರೆಯುವ ಡೇರೆಗೆ ಅವನನ್ನು ಕಳಿಸಿದರು. ಅಲ್ಲಿಂದ ಅಂಚೆಯಿಲ್ಲ. ರೂತಮ್ಮನಿಗೆ ಪತ್ರ ಬಾರದ ವರ್ಷ ಅದೇ.

"ನಾನು ಹೋಗಿ ಕಾಲು ಹಿಡಿದಷ್ಟು ಹೇಳಿದೆ, ಬ್ರದರ್," ಎಂದ ಹಸನಬ್ಬ. "ಒಂದು ಮಾತಲ್ವಾ, ಹೇಳಿ ಬಿಡು, ಎಂತ ಹೋಗ್ತದೆ ನಿನಗೆ ಅಂತ. ಅವ ಕೇಳ್ಲೇ ಇಲ್ಲ."

ಹನ್ನೊಂದು ತಿಂಗಳ ಮೇಲೆ ಆ ಪಂಪು ರಿಪೇರಿಗೆಂದು ಅದೇ ಅಂಗಡಿಗೆ ಬಂತು. ಸಂಖ್ಯೆ ನೋಡಿ ಗುರುತಿಸಿದವನು ಹಸನಬ್ಬ. ಕಫೀಲನ ಸ್ವಂತ ತಮ್ಮ ಯಾರಿಗೂ ಹೇಳದೆ ತನ್ನ ತೋಟಕ್ಕೆ ಒಯ್ದು, ಮರೆತೇಬಿಟ್ಟಿದ್ದ. ಅಂದೇ ಕಫೀಲ್ ತಾನೇ ಜೀಪು ಓಡಿಸಿಕೊಂಡು ಡೇರೆಗೆ ಹೋದ, ಹಸನಬ್ಬ ಹಿಂದಿನ ಸೀಟಿನಲ್ಲಿ. ದಾನಿಯೇಲಪ್ಪನನ್ನು ಮುಂದೆ ಕೂರಿಸಿಕೊಂಡು, ಒಂದು ಆಣೆ ಇಟ್ಟಿದ್ದರೆ ಈ ವರ್ಷ ಹೀಗೆ ಹಾಳಾಗುತ್ತಿತ್ತೇ ಎಂದು ಕೇಳಿದ. ದಾನಿಯೇಲಪ್ಪ ಹೇಳಿದ್ದು ಇಷ್ಟೇ: "ನಾನು ಮೊದಲೇ ಇಲ್ಲ ಅಂದಿದ್ದೆನಲ್ಲ."

ಕೇಳಿ ನನ್ನ ಕಣ್ಣು ತುಂಬಿತು. ಚಿಕ್ಕಂದಿನಿಂದ ನಾನು ಆಣೆ ಇಡಬಾರದೆಂದು ಕಲಿತವನು. ಆದರೆ ಅದಕ್ಕಾಗಿ ಒಂದು ದಿನದ ಸಂಬಳವನ್ನೂ ಕಳೆದುಕೊಂಡವನಲ್ಲ. ನಮ್ಮ ಸಭೆಯಲ್ಲಿ ಇಂಥವನೊಬ್ಬನಿದ್ದ, ನಮ್ಮ ಓಣಿಯಲ್ಲೇ ಬೆಳೆದ ಎಂದು ನನಗೆ ಅಂದು ಆದ ಹೆಮ್ಮೆಯನ್ನು ಮುಚ್ಚಿಡಲಾರೆ. ಅವನ ಮೇಲೆ ಅನುಮಾನದ ಬೀಜ ಬಿತ್ತಿದವನು ನಾನೇ ಎಂಬುದೂ ಜೊತೆಗೇ ಚುಚ್ಚುತ್ತಿತ್ತು. ಊರಿಗೆ ಯಾಕೆ ಇದನ್ನು ಬರೆಯಲಿಲ್ಲವಂತೆ ಎಂದು ಕೇಳಿದೆ. ಬರೆದರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆ ಎನ್ನುತ್ತಿದ್ದನಂತೆ.

ಸಂಜೆ ಚಹಾದ ಹೊತ್ತಿಗೆ ಕಫೀಲ್ ಬಂದ. ಕೋಲೂರಿ ನಡೆಯುವ ಮುದುಕ. ನಾನು ಯಾರೆಂದು ತಿಳಿದು ಉಗ್ರಾಣದ ಬಾಗಿಲು ತೆಗೆಸಿದ. ಹಲಗೆಗಳ ಮೇಲೆ ಪಂಪಿನ ಭಾಗಗಳು ಸಾಲಾಗಿ ಕೂತಿದ್ದವು, ಪ್ರತಿಯೊಂದಕ್ಕೂ ದಾನಿಯೇಲಪ್ಪನ ಕೈಬರಹದ ಚೀಟಿ. ಈಗ ಉಗ್ರಾಣ ನೋಡಿಕೊಳ್ಳುವವನು ಅವನ್ನು ಬದಲಿಸಿಲ್ಲ. ಮುದುಕ ಅರಬಿಯಲ್ಲಿ ಏನೋ ಹೇಳಿದ. ಹಸನಬ್ಬ ಕನ್ನಡಕ್ಕೆ ತಿರುಗಿಸಿದ: "ಮತ್ತೆ ಬೀಗದ ಕೈ ಕೊಟ್ಟ ಮೇಲೆ ಅವ ಇರುವವರೆಗೆ ನಾನು ಈ ಕೋಣೆಗೆ ಲೆಕ್ಕ ನೋಡ್ಲಿಕ್ಕೆ ಬಂದವನಲ್ಲ ಅಂತ ಹೇಳ್ತಾರೆ." ದಹ್ರಾನ್ ವಿಮಾನ ನಿಲ್ದಾಣದವರೆಗೆ ಶವದ ಜೊತೆ ಹೋದವರು ಈ ಮುದುಕ ಮತ್ತು ಹಸನಬ್ಬ ಇಬ್ಬರೇ ಎಂದೂ ಆಗ ತಿಳಿಯಿತು.

ಕೋಣೆಗೆ ಮರಳಿ ಟೇಪ್ ರೆಕಾರ್ಡರ್ ಇಟ್ಟೆ. ಹಸನಬ್ಬ ಪ್ರತಿ ತಿಂಗಳೂ ಹೆಂಡತಿಗೆ ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುವವನು, ಹೆದರಿಕೆಯಿರಲಿಲ್ಲ. ಗುಂಡಿ ಒತ್ತಿದ ಕೂಡಲೇ ಅಭ್ಯಾಸದಂತೆ, "ಅಸ್ಸಲಾಮು ಅಲೈಕುಂ, ನಾವಿಲ್ಲಿ ಸೌಖ್ಯ" ಎಂದು ಆರಂಭಿಸಿದ. ನಾನು ತಡೆಯಲಿಲ್ಲ. ಎಲ್ಲ ಹೇಳಿದ. ಎಡವಿದ್ದನ್ನೂ ಹೇಳಬೇಕು ಎಂದು ನೆನಪಿಸಿದೆ. ತುಂಬ ಹೊತ್ತು ಯೋಚಿಸಿ, ಕೋಪ ಬಂದರೆ ಮೂರು ದಿನ ಮಾತು ಬಿಡುತ್ತಿದ್ದ, ಹಸನಬ್ಬನ ಹೆಂಡತಿ ಕಳಿಸಿದ ಮಾವಿನ ಉಪ್ಪಿನಕಾಯಿಯನ್ನು ಕೇಳದೆ ತಿನ್ನುತ್ತಿದ್ದ ಎಂದ.

ಕೊನೆಗೆ ನಾನು, "ಇದು ಹೌದೋ?" ಎಂದೆ.

"ವಲ್ಲಾಹಿ," ಎಂದವನು ತಟ್ಟನೆ ನಿಂತ. ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡ. ಆಮೇಲೆ ಖಾಲಿ ಮಂಚದ ಕಡೆ ನೋಡಿ, "ಅದನ್ನು ಅಳಿಸಿ, ಬ್ರದರ್," ಎಂದ. "ಅವನ ವಿಷಯಕ್ಕೆ ಆ ಮಾತು ಬೇಡ."

ಅಳಿಸಿದೆ. ಎರಡನೆಯ ಸಲ ಕೇಳಿದೆ. ಈ ಬಾರಿ ಅವನು ಟೊಪ್ಪಿ ಸರಿಮಾಡಿಕೊಂಡು ನೆಟ್ಟಗೆ ಕೂತು ಉತ್ತರ ಕೊಟ್ಟ.

ಶನಿವಾರ ಬೆಳಿಗ್ಗೆ ಅದೇ ಪಿಕಪ್ಪಿನಲ್ಲಿ ಹೊರಟೆ. ಹಸನಬ್ಬ ರಸ್ತೆಯಲ್ಲಿ ನಿಂತು ಕೈ ಎತ್ತಿದ್ದ. ಗಾಡಿ ತಿರುಗುವವರೆಗೂ ಇಳಿಸಲಿಲ್ಲ.

ಡಿಸೆಂಬರಿನ ರಜೆಗೆ ಊರಿಗೆ ಬಂದೆ. ಕೊನೆಯ ಭಾನುವಾರ ಸಭೆ ತುಂಬಿತ್ತು. ಮೊದಲು ನಾನು ಎದ್ದು ನಿಂತು ನನ್ನ ಪತ್ರದ ಸಾಲು ಹೇಳಿ, ಅದು ಅರ್ಧ ಮಾತ್ರ ನಿಜ, ಉಳಿದರ್ಧ ತಿಳಿಯದೆ ಬರೆದದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಆಮೇಲೆ ಕ್ಯಾಸೆಟ್ ಹಾಕಿದೆ. 'ಅಸ್ಸಲಾಮು ಅಲೈಕುಂ' ಎಂಬ ದನಿಗೆ ಹಿಂದಿನ ಬೆಂಚಿನಿಂದ ಯಾರೋ ಮುದುಕಿ ಸಹಜವಾಗಿ ನಮಸ್ಕಾರ ಎಂದಳು. ಆಣೆಯ ಮಾತು ಬಂದಾಗ ಗಂಡಸರ ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿದರು. ಉಪ್ಪಿನಕಾಯಿಗೆ ಎಲ್ಲರೂ ನಕ್ಕರು. ನಕ್ಕವರಲ್ಲಿ ರೂತಮ್ಮನೂ ಇದ್ದಳು. ನನ್ನ ಪ್ರಶ್ನೆ ಬರುವ ಮೊದಲೇ ಟೇಪು ತಡೆದು, ಅದನ್ನು ದಾಟುವಷ್ಟು ಮುಂದೆ ಸರಿಸಿ ನಿಲ್ಲಿಸಿದೆ. ಅದು ಹಿರಿಯರು ಕೇಳಬೇಕಾದ ಪ್ರಶ್ನೆ.

ಆಬ್ರಹಾಮಪ್ಪನವರು ಎದ್ದು, ಮೇಜಿನ ಮೇಲಿನ ಟೇಪ್ ರೆಕಾರ್ಡರಿನ ಕಡೆ ತಿರುಗಿ, ಮನುಷ್ಯನನ್ನು ಕೇಳುವ ಗೌರವದಿಂದಲೇ ಕೇಳಿದರು: "ಇದು ಹೌದೋ?"

ಗುಂಡಿ ಬಿಟ್ಟೆ.

"ಹೌದು."

ಮನೆಯವರು ಅಂದು ಮಾತಾಡುವ ಪದ್ಧತಿಯಿಲ್ಲ. ಆದರೂ ರೂತಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, "ಇನ್ನೊಮ್ಮೆ ಹಚ್ಚಪ್ಪ," ಎಂದಳು.

ಯಾರೂ ತಡೆಯಲಿಲ್ಲ. ನಾನು ಟೇಪು ಹಿಂದಕ್ಕೆ ಸುತ್ತಿದೆ.