ಹೊಲಿದವರ ಅಭಿಪ್ರಾಯ

ದಾವಣಗೆರೆಯಲ್ಲಿ ಹಯಾತ್ ಸಾಬರ ಬಾಡಿಗೆ ಪುಸ್ತಕದ ಅಂಗಡಿಗೆ ಬಂದವರು ಯಾರೂ ಪುಸ್ತಕವನ್ನು ಮೊದಲ ಪುಟದಿಂದ ತೆರೆಯುತ್ತಿರಲಿಲ್ಲ. ಎಲ್ಲರ ಕೈಯೂ ಸೀದಾ ಕೊನೆಯ ಹಾಳೆಗೆ ಹೋಗುತ್ತಿತ್ತು. ವಾರಪತ್ರಿಕೆಗಳಲ್ಲಿ ಬರುವ ಧಾರಾವಾಹಿಗಳನ್ನು ಕತ್ತರಿಸಿ, ಸೇರಿಸಿ, ರಟ್ಟು ಹಾಕಿ ಹೊಲಿಸಿದ ಪುಸ್ತಕಗಳು ಅವು. ಪ್ರತಿ ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಇರುತ್ತಿತ್ತು. ಓದಿದವರು ಅದರಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಹೊಗಳಬಹುದು, ಬೈಯಬಹುದು, ಕೊಲೆಗಾರ ಯಾರೆಂದು ಮಾತ್ರ ಹೇಳಕೂಡದು. ಹೇಳಿದವರಿಗೆ ಒಂದು ತಿಂಗಳು ಪುಸ್ತಕ ಸಿಗುತ್ತಿರಲಿಲ್ಲ.

ಆ ಹಾಳೆಯಲ್ಲಿ ಮೊದಲ ಅಭಿಪ್ರಾಯ ಯಾವಾಗಲೂ ಒಂದೇ ಕೈಯದು. ದುಂಡಗಿನ ಅಕ್ಷರ, ಕೆಳಗೆ ಸಹಿ: ಹೊಲಿದವರು.

“ನಾಯಕಿ ಹನ್ನೆರಡು ಸಲ ಮೂರ್ಛೆ ಹೋಗುತ್ತಾಳೆ. ಎಣಿಸಿದ್ದೇನೆ. ಒಮ್ಮೆಯೂ ಯಾರೂ ನೀರು ಕೊಡಲಿಲ್ಲ. ಹೊಲಿದವರು.”

“ಮೊದಲ ನೂರು ಪುಟ ಉಸಿರು ಬಿಡಲು ಬಿಡುವುದಿಲ್ಲ. ಆಮೇಲೆ ಲೇಖಕರಿಗೇ ನಿದ್ದೆ ಬಂದಿದೆ. ಹೊಲಿದವರು.”

ಇಂಥ ಮಾತು ಓದಿದ ಮೇಲೆ ಪುಸ್ತಕ ಬಿಟ್ಟು ಹೋಗುವುದು ಹೇಗೆ? ಆ ಸಹಿ ಯಾರದೆಂದು ನಮಗೆ ಗೊತ್ತಿರಲಿಲ್ಲ. ಹರಿಹರದಲ್ಲಿ ಹೊಲಿಸುತ್ತಾರೆ ಎಂಬುದಷ್ಟೇ ಗೊತ್ತು. ಪುಸ್ತಕ ಕಿತ್ತುಹೋಗಿ ರಿಪೇರಿಗೆ ಹೋಗಿ ಬಂದಾಗ ನಮ್ಮ ಮಾತಿಗೆ ಅಲ್ಲಿಂದ ಜವಾಬು ಬರುತ್ತಿತ್ತು. ಒಂದು ಜಗಳ ಮುಗಿಯಲು ನಾಲ್ಕು ತಿಂಗಳು ಬೇಕಾಗುತ್ತಿತ್ತು, ಆದರೂ ನಾವು ಬಿಡುತ್ತಿರಲಿಲ್ಲ.

ನನ್ನ ಹೆಸರು ದುರುಗಣ್ಣ. ಆಗ ಮಿಲ್ಲಿನ ನೇಯ್ಗೆ ಖಾತೆಯಲ್ಲಿ ಕೆಲಸ, ನಿಟ್ಟುವಳ್ಳಿಯಲ್ಲಿ ಮನೆ, ಮೂಗಿನ ತುದಿಯಲ್ಲಿ ಕೋಪ. ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಲ್ಲಿ ಅಭಿಪ್ರಾಯ ಬರೆದು “ದು. ನಿಟ್ಟುವಳ್ಳಿ” ಎಂದು ಸಹಿ ಮಾಡುತ್ತಿದ್ದೆ. ಪತ್ತೇದಾರಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಚಿತ್ರಕಥೆಗಳನ್ನು ಕಂಡರಂತೂ ಆಗುತ್ತಿರಲಿಲ್ಲ. “ಚಿತ್ರ ನೋಡಲು ಪುಸ್ತಕವೇಕೆ, ಗೋಡೆಯ ಕ್ಯಾಲೆಂಡರ್ ಸಾಲದೇ?” ಎಂದು ಒಮ್ಮೆ ಬರೆದಿದ್ದೆ. ಅದಕ್ಕೆ ಜವಾಬು ಹೀಗೆ ಬಂತು: “ಕ್ಯಾಲೆಂಡರಿನಲ್ಲಿ ಮುಂದೇನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಚಿತ್ರಕಥೆ ಒಂದನ್ನಾದರೂ ಓದಿ ಮಾತಾಡಿ. ಹೊಲಿದವರು.” ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಾನು ಹಟಕ್ಕೆ ಬಿದ್ದು, ಓದುವುದೇ ಇಲ್ಲ ಎಂದುಕೊಂಡೆ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಮಾತು. ಒಂದೇ ವಾರಪತ್ರಿಕೆಯಲ್ಲಿ ಎರಡು ಕಥೆ ಬರುತ್ತಿದ್ದವು. ಒಂದು “ಕಬ್ಬಿಣದ ಟ್ರಂಕು” ಎಂಬ ಪತ್ತೇದಾರಿ, ಇನ್ನೊಂದು “ಹಾರುವ ಹಡಗಿನ ರಾಣಿ” ಎಂಬ ಚಿತ್ರಕಥೆ. ಕಬ್ಬಿಣದ ಟ್ರಂಕನ್ನು ನಾನು ಕ್ಷೌರದಂಗಡಿಯಲ್ಲಿ ವಾರವಾರವೂ ಓದುತ್ತಿದ್ದೆ. ಜಮೀನ್ದಾರರನ್ನು ಕೊಂದು ಟ್ರಂಕಿನಲ್ಲಿ ಹಾಕಿದವನು ಕಾಂಪೌಂಡರ್ ಎಂದು ಆರನೇ ವಾರದಲ್ಲೇ ಕಂಡುಹಿಡಿದಿದ್ದೆ. ಮಿಲ್ಲಿನ ಕ್ಯಾಂಟೀನಿನಲ್ಲಿ ಕಂಡವರಿಗೆಲ್ಲ ಸಾರಿದ್ದೆ. ಇಪ್ಪತ್ತಾರನೆಯ ವಾರ, ಕೊನೆಯ ಕಂತು ಬರಬೇಕು ಎನ್ನುವಾಗ, ಲಾರಿ ಮುಷ್ಕರ! ಊರಿಗೆ ಆ ವಾರ ಬಂದದ್ದು ಬೆರಳೆಣಿಕೆಯ ಪ್ರತಿಗಳು. ಕ್ಷೌರದಂಗಡಿಗೆ ಬರಲೇ ಇಲ್ಲ.

ಕೊಲೆಗಾರನ ಹೆಸರು ತಿಳಿಯದೆ ಎರಡು ತಿಂಗಳು ಬದುಕುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಹೊಲಿದ ಪುಸ್ತಕ ಬಂದ ದಿನ ಅಂಗಡಿ ಬಾಗಿಲಲ್ಲಿ ನಾನೇ ಮೊದಲಿಗ. ಪುಸ್ತಕ ಕಿತ್ತುಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು ಕೊನೆಗೆ ಹಾರಿದೆ.

ಕೊನೆಯ ಪುಟ ಅಚ್ಚಾಗಿರಲಿಲ್ಲ. ಕೈಬರಹ! ಅದೇ ದುಂಡಗಿನ ಅಕ್ಷರ! ಮೇಲಾಗಿ ಕೊಲೆಗಾರ ಕಾಂಪೌಂಡರ್ ಅಲ್ಲ, ಅಡುಗೆಯ ಭಟ್ಟ!

ನನಗೆ ಮೈಯೆಲ್ಲ ಉರಿದುಹೋಯಿತು. ಮೂಲ ಕೊನೆ ಸಿಗದೆ ಹೊಲಿದವರು ತಮಗೆ ತೋಚಿದ್ದನ್ನು ಗೀಚಿದ್ದಾರೆ ಎಂದು ಕ್ಷಣದಲ್ಲಿ ತೀರ್ಮಾನಿಸಿದೆ. ನೀಲಿ ಪೆನ್ಸಿಲ್ ತೆಗೆದು ಅಭಿಪ್ರಾಯದ ಹಾಳೆಯಲ್ಲಿ ದೊಡ್ಡದಾಗಿ ಬರೆದೆ: “ಮೋಸ. ಈ ಕೊನೆ ಲೇಖಕರದಲ್ಲ. ದು. ನಿಟ್ಟುವಳ್ಳಿ.”

ಒಂದು ಮಾತು ಬರೆದರೆ ಸಾಕು, ಊರು ಹತ್ತು ಸೇರಿಸುತ್ತದೆ. ನನ್ನ ಕೆಳಗೆ “ಹೌದು, ಮೋಸ” ಎಂದು ಏಳು ಮಂದಿ ಬರೆದರು. ಒಬ್ಬರು ಹಳೆಯ ಪುಸ್ತಕಗಳಲ್ಲೂ ಅನುಮಾನ ಹುಡುಕಿದರು. ಪತ್ತೇದಾರಿ ಓದುಗರೆಲ್ಲ ಅಂಗಡಿಯ ಮುಂದೆ ಗುಂಪು ಕಟ್ಟಿ, “ಸಾಬ್ರೇ, ಇಂಥ ಪುಸ್ತಕ ನಮಗೆ ಬ್ಯಾಡ” ಎಂದು ಕೂಗಾಡಿದೆವು. ಮುಂದೆ ನಿಂತವನು ನಾನೇ. ಚಿತ್ರಕಥೆಯ ಕಡೆಯವರು ಮಾತ್ರ ಮೂಲೆಯಲ್ಲಿ ನಿಂತು ಮುಸಿಮುಸಿ ನಗುತ್ತಿದ್ದರು. ಅವರ ಮುಖಂಡರು ಪ್ರೈಮರಿ ಶಾಲೆಯ ಟೀಚರ್ ಅನ್ನಪೂರ್ಣಮ್ಮ. ಆ ನಗೆ ಯಾಕೆಂದು ನಾನು ಯೋಚಿಸಲಿಲ್ಲ.

ಮೂರು ವಾರ ಕಳೆದು ಒಂದು ಶನಿವಾರ, ಮೊದಲ ಪಾಳಿ ಮುಗಿಸಿ ಅಂಗಡಿಗೆ ಹೋದೆ. ಹಯಾತ್ ಸಾಬರು ಕತ್ತರಿಸಬೇಕಾದ ಪತ್ರಿಕೆಗಳ ಕಟ್ಟನ್ನು ಹಗ್ಗದಿಂದ ಬಿಗಿಯುತ್ತಿದ್ದರು.

“ಹರಿಹರಕ್ಕಾ ಸಾಬ್ರೇ?” ಎಂದೆ.

“ಇಲ್ರಿ. ಇನ್ಮ್ಯಾಲೆ ಪ್ರೆಸ್ಸಿಗೆ. ಸಂಜೆ ಆರಕ್ಕೆ ಅವರ ಮನುಷ್ಯ ಬರ್ತಾನೆ. ನನಗೆ ಉರ್ದು ಬಿಟ್ರೆ ಓದಾಕ ಬರಲ್ಲ ದುರುಗಣ್ಣ. ನೀವು ಓದೋರು ಮೋಸ ಅಂದ್ರೆ ಮೋಸ, ಸಾಚಾ ಅಂದ್ರೆ ಸಾಚಾ. ಹದಿನಾಲ್ಕು ವರ್ಷದಿಂದ ಹೊಲೀತಿದ್ರು. ಏನು ಮಾಡಾಕಾಗ್ತೈತೆ?”

“ಹಂಗಾದ್ರೆ ಮೊದಲ ಅಭಿಪ್ರಾಯ ಯಾರು ಬರೀತಾರೆ?”

“ಪ್ರೆಸ್ಸಿನೋರು ಹೊಲೀತಾರೆ ಅಷ್ಟ. ಅವರು ಯಾಕ ಓದ್ತಾರೆ?”

ಗೆದ್ದೆ ಎಂದುಕೊಂಡಿದ್ದವನಿಗೆ ಕಪಾಟಿನಲ್ಲಿದ್ದ ಪುಸ್ತಕಗಳೆಲ್ಲ ಮೂಗರಂತೆ ಕಂಡವು. ಹೊಲಿದವರಿಲ್ಲದೆ ನಾನು ಯಾರ ಜೊತೆ ಜಗಳವಾಡಲಿ? “ಆರರ ತನಕ ಕಟ್ಟು ಕೊಡಬ್ಯಾಡ್ರಿ. ನಾನೇ ಹೋಗಿ ಮೂಲ ಎಲ್ಲೈತೆ ಕೇಳಿ ಬರ್ತೀನಿ” ಎಂದು ವಿಳಾಸ ಕೇಳಿಕೊಂಡು ಹರಿಹರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸುತ್ತಿದ್ದೆ. ಕನ್ನಡಕ ಹಾಕಿದ ಮುದುಕನೊಬ್ಬ ಎದುರಾಗುತ್ತಾನೆ ಎಂದೇ ನನ್ನ ಲೆಕ್ಕ.

ಹೊಳೆಯ ಕಡೆಯ ಓಣಿಯಲ್ಲಿ ಬಾಗಿಲು ತೆರೆದವರು ನನ್ನ ವಾರಿಗೆಯ ಹೆಂಗಸು. ಬೆರಳುಗಳಿಗೆ ಮೈದಾ ಅಂಟು ಮೆತ್ತಿಕೊಂಡಿತ್ತು, ಕೈಯಲ್ಲಿ ದಬ್ಬಣ.

“ಪುಸ್ತಕ ಹೊಲಿಯೋರು…” ಎಂದು ತೊದಲಿದೆ.

“ನಾನೇ. ಮೆಹರ್ ಬಾನು. ಕೂಡ್ರಿ.” ಆಕೆಯ ಕಣ್ಣು ನನ್ನ ಜೇಬಿನಲ್ಲಿದ್ದ ನೀಲಿ ಪೆನ್ಸಿಲಿನ ಮೇಲೆ ನಿಂತಿತು. ಮುಖ ಅರಳಿತು. “ಅಯ್ಯ! ನೀವು ದು. ನಿಟ್ಟುವಳ್ಳಿ ಅಲ್ಲೇನ್ರಿ? ಕ್ಯಾಲೆಂಡರ್!”

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು. ಒಳಗೆ ನೆಲದ ತುಂಬ ಕತ್ತರಿಸಿದ ಪುಟಗಳು. ಅವರ ತಂದೆ ಬುಡನ್ ಸಾಬ್ ಮಂಡಿ ವರ್ತಕರ ಲೆಕ್ಕದ ಪುಸ್ತಕಗಳನ್ನು ಹೊಲಿಯುತ್ತಿದ್ದರಂತೆ. ಏಳನೇ ಕ್ಲಾಸು ಮುಗಿದ ಮೇಲೆ ಮಗಳೂ ಪಕ್ಕದಲ್ಲಿ ಕೂತಳು. ಅಂಕಿಗಳನ್ನು ಹೊಲಿದು ಹೊಲಿದು ಬೇಸತ್ತಿದ್ದಾಗ ಹಯಾತ್ ಸಾಬರ ಮೊದಲ ಕಟ್ಟು ಬಂತು. ಪುಟಗಳ ಸಾಲು ತಪ್ಪದಿರಲಿ ಎಂದು ಓದತೊಡಗಿದವಳು ಆಮೇಲೆ ಓದದೆ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ತಂದೆ ತೀರಿಕೊಂಡರು, ಮದುವೆಯಾಯಿತು, ಗಂಡ ರೌಫ್ ಕಾರ್ಖಾನೆ ಸೇರಿದ, ಮಕ್ಕಳು ಬೆಳೆದವು, ಹೊಲಿಗೆ ಮಾತ್ರ ನಿಲ್ಲಲಿಲ್ಲ.

“ಓದಿದ್ದನ್ನ ಯಾರ ಹತ್ರ ಮಾತಾಡ್ಲಿ ಅಣ್ಣಾ? ಈ ಓಣ್ಯಾಗೆ ಯಾರಿಗೂ ಪುರುಸೊತ್ತಿಲ್ಲ. ಅದಕ್ಕ ಕೊನೀಗೆ ಒಂದು ಖಾಲಿ ಹಾಳೆ ಹಾಕಿ ಬರೆದೆ. ನೀವೆಲ್ಲ ಜವಾಬು ಬರೆದ್ರಿ. ರಿಪೇರಿಗೆ ಪುಸ್ತಕ ಬಂದ್ರೆ ನನಗೆ ಅವತ್ತು ಹಬ್ಬ. ಕಬ್ಬಿಣದ ಟ್ರಂಕು ಓದಿದ್ರಾ? ಏನು ಬರೆದ್ರಿ, ಹೇಳ್ರಿ ಹೇಳ್ರಿ!”

ನನಗೆ ಸುಳ್ಳು ಹೇಳಲಾಗಲಿಲ್ಲ. “ಮೋಸ ಅಂತ ಬರೆದೆ ಅಕ್ಕಾ. ಊರೋರೂ ಬರೆದ್ರು. ಸಂಜೆ ಆರಕ್ಕೆ ನಿಮ್ಮ ಕಟ್ಟು ಪ್ರೆಸ್ಸಿಗೆ ಹೋಗ್ತೈತೆ.”

ದಬ್ಬಣ ಹಿಡಿದ ಕೈ ನಿಂತಿತು. ಆಮೇಲೆ, “ಕೆಲಸ ಹೋದ್ರೆ ಹೋಗ್ಲಿ, ರಟ್ಟಿನ ಡಬ್ಬಿ ಮಾಡ್ತೀನಿ. ಆದ್ರ ಅದರಾಗೆ ಒಂದಕ್ಷರನೂ ನನ್ನದಲ್ಲ ಅಣ್ಣಾ. ನನ್ನ ಮಾತು ಸುಳ್ಳು ಅಂದ್ರಲ್ಲ, ಅದು ಹೆಂಗೆ ತಡ್ಕೊಳ್ಲಿ?” ಎಂದರು. ಕಣ್ಣು ತುಂಬಿತ್ತು.

“ಹಂಗಾದ್ರೆ ಅಚ್ಚಾದ ಮೂಲ ಎಲ್ಲೈತೆ?”

“ಹಾರುವ ಹಡಗಿನ ರಾಣಿ ಓದಿದ್ರಾ?”

“ಅದನ್ನ ನಾನು ಮುಟ್ಟಲ್ಲ.”

“ಅಲ್ಲೇ ಐತೆ!” ಎಂದು ಅವರು ನೆಲದಿಂದ ಅದೇ ಪತ್ರಿಕೆಯ ಬೇರೊಂದು ವಾರದ ಹಾಳೆ ಎತ್ತಿ ತಿರುಗಿಸಿ ತೋರಿಸಿದರು. ಈ ಬದಿಗೆ ಚಿತ್ರಕಥೆ, ಆ ಬದಿಗೆ ಪತ್ತೇದಾರಿ. ಪ್ರತಿ ವಾರ ಸಾಬರು ಎರಡೆರಡು ಪ್ರತಿ ಕಳಿಸುತ್ತಿದ್ದರು, ಒಂದು ಕಥೆಗೆ ಒಂದು. ಮುಷ್ಕರದ ವಾರ ಸಿಕ್ಕಿದ್ದು ಒಂದೇ ಪ್ರತಿ. ಒಂದೇ ಹಾಳೆಯ ಎರಡು ಬದಿಗೆ ಎರಡು ಕಥೆಗಳ ಕೊನೆ. ಎರಡು ಪುಸ್ತಕಕ್ಕೂ ಅದೇ ಹಾಳೆ ಬೇಕು.

“ಎರಡು ದಿನ ಯೋಚನೆ ಮಾಡಿದೆ. ಚಿತ್ರ ಬರೆಯಾಕ ನನಗೆ ಬರಲ್ಲ, ಅಕ್ಷರ ಬರ್ತಾವೆ. ಅದಕ್ಕ ಹಾಳೆ ಹಡಗಿಗೆ ಕೊಟ್ಟೆ. ಟ್ರಂಕಿಗೆ ಕೈಯಾಗ ನಕಲು ಮಾಡಿದೆ.”

“ಇದು ನಕಲು, ಮೂಲ ಹಡಗಿನಾಗೈತೆ ಅಂತ ಅಲ್ಲೇ ಬರೆದಿದ್ರೆ ಆಗ್ತಿತ್ತಲ್ಲ ಅಕ್ಕಾ!”

“ಎಲ್ಲರೂ ಎರಡೂ ಓದ್ತಾರೆ ಅನ್ಕೊಂಡಿದ್ದೆ. ನಾನು ಓದ್ತೀನಲ್ಲ!”

ಗಡಿಯಾರ ನೋಡಿದರೆ ಐದು ಹೊಡೆದಿತ್ತು. ಚಹಾ ಬೇಡವೆಂದು ಓಡಿದೆ. ಹೊರಟಿದ್ದ ಬಸ್ಸಿಗೆ ಜೋತುಬಿದ್ದೆ. ದಾವಣಗೆರೆಯಲ್ಲಿ ಇಳಿದು ಏದುಸಿರು ಬಿಡುತ್ತ ಅಂಗಡಿ ಸೇರಿದರೆ ಕಪಾಟಿನಲ್ಲಿ ಹಡಗೂ ಇಲ್ಲ, ರಾಣಿಯೂ ಇಲ್ಲ! ಅನ್ನಪೂರ್ಣಮ್ಮ ಒಯ್ದಿದ್ದರು. ಎರಡು ಓಣಿ ದಾಟಿ ಅವರ ಮನೆ ಬಾಗಿಲು ಬಡಿದೆ.

“ಟೀಚರ್ರೇ, ಹಡಗು ಕೊಡ್ರಿ! ಬೇಗ!”

ಅವರು ಸೊಂಟಕ್ಕೆ ಕೈಯಿಟ್ಟು ನಕ್ಕರು. “ಅಂತೂ ಬಂದ್ರಿ. ಕಂಕುಳಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಂಗಾಯ್ತು.”

ಪುಸ್ತಕ ತೆರೆದೆ. ಕೊನೆಯ ಚಿತ್ರದ ಹಿಂದೆಯೇ ಕಬ್ಬಿಣದ ಟ್ರಂಕಿನ ಕೊನೆ ಅಚ್ಚಾಗಿತ್ತು. ಅದರ ಎದುರಿನ ಅಭಿಪ್ರಾಯದ ಹಾಳೆಯ ತುಂಬ ನನ್ನದೇ ಪುರಾಣ. “ಪತ್ತೇದಾರಿ ಓದುವವರಿಗೆ ಇಷ್ಟೂ ಪತ್ತೆಯಾಗಲಿಲ್ಲವೇ?” “ನಿಟ್ಟುವಳ್ಳಿಯ ಪತ್ತೇದಾರರು ಈ ಪುಟಕ್ಕೆ ಎಂದು ಬರುತ್ತಾರೆ?” ಮುಖಕ್ಕೆ ಮಂಗಳಾರತಿ ಎಂದರೆ ಅದು! ಆದರೆ ನಾಚಿಕೊಳ್ಳಲು ಸಮಯವಿರಲಿಲ್ಲ. ಪ್ರೆಸ್ಸಿನ ವಿಷಯ ಹೇಳಿದ ಕೂಡಲೇ ಟೀಚರರ ನಗೆ ಹಾರಿಹೋಯಿತು. ಮೆಟ್ಟು ಹಾಕಿಕೊಳ್ಳದೆ ನನಗಿಂತ ಮುಂದೆ ಓಡಿದರು.

ಪ್ರೆಸ್ಸಿನವನು ಕಟ್ಟನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಇಡುತ್ತಿದ್ದ. “ತಡೀರಿ!” ಎಂದು ಇಬ್ಬರೂ ಕೂಗಿದೆವು. ಶನಿವಾರದ ಓದುಗರೆಲ್ಲ ಸುತ್ತ ನೆರೆದರು. ನಾನು ಕಪಾಟಿನಿಂದ ಕಬ್ಬಿಣದ ಟ್ರಂಕು ತೆಗೆದುಕೊಂಡೆ.

“ಸಾಬ್ರೇ, ಟೀಚರ್ರು ಅಚ್ಚಾದದ್ದು ಓದ್ತಾರೆ, ನಾನು ಕೈಬರಹದ್ದು ಓದ್ತೀನಿ. ಕಿವಿ ಕೊಟ್ಟು ಕೇಳ್ರಿ. ಒಂದು ಮಾತು ಬ್ಯಾರೆ ಬಂದ್ರೂ ಕಟ್ಟು ಕಳಸ್ರಿ.”

ಇಬ್ಬರೂ ಒಟ್ಟಿಗೆ ದೊಡ್ಡದಾಗಿ ಓದತೊಡಗಿದೆವು. ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ, ಎರಡು ಬಾಯಿಂದ ಒಂದೇ ಮಾತು. ಪತ್ತೇದಾರ ದೀಪ ಹಚ್ಚಿದ. ಟ್ರಂಕಿನ ಬೀಗ ತೆಗೆದ. ಕಾಂಪೌಂಡರ್ ಅಳುತ್ತ ತಾನು ನಿರಪರಾಧಿ ಎಂದ. ಅದನ್ನೂ ನಾನು ದೊಡ್ಡದಾಗಿಯೇ ಓದಿದೆ. ಭಟ್ಟನ ಹೆಸರು ಬಂದಾಗ ಗುಂಪು “ಓ!” ಎಂದಿತು. ಕೊನೆಯ ಸಾಲು, ಕೊನೆಯ ಪದ, ಇಬ್ಬರೂ ಒಟ್ಟಿಗೇ ನಿಂತೆವು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಹಯಾತ್ ಸಾಬರು ಸೈಕಲ್ಲಿನಿಂದ ಕಟ್ಟು ಇಳಿಸಿಕೊಂಡು ಎದೆಗೆ ಒತ್ತಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನು ಎಲ್ಲರ ಮುಂದೆ “ಮೋಸ” ಎಂದು ಬರೆದಿದ್ದನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದೆ: “ಮೋಸ ಹೋದದ್ದು ನನ್ನ ಜಂಬದಿಂದ. ಕ್ಷಮಿಸಿ. ದುರುಗಣ್ಣ.” ಆ ಏಳು ಮಂದಿಯೂ ಸಾಲಾಗಿ ಬಂದು ತಮ್ಮತಮ್ಮ ಮಾತು ಹೊಡೆದುಹಾಕಿದರು.

ಹಡಗನ್ನು ಮನೆಗೆ ಒಯ್ದೆ. ಮೊದಲ ಪುಟದಿಂದ ಓದಿದೆ. ರಾಣಿಯ ಹಡಗು ಮೋಡದಿಂದ ಇಳಿಯುವ ಪುಟದಲ್ಲಿ ಒಂದು ಮಾತೂ ಇಲ್ಲ, ಬರಿಯ ಚಿತ್ರ. ಅದನ್ನು ತಿರುವಲು ನನಗೆ ಮನಸ್ಸೇ ಬರಲಿಲ್ಲ. ಹೆಂಡತಿ ಊಟಕ್ಕೆ ಮೂರು ಸಲ ಕರೆದಳು. ಇಷ್ಟು ವರ್ಷ ಎಂಥದ್ದನ್ನು ಬಿಟ್ಟುಕೊಂಡಿದ್ದೆ ಎಂದು ಅಭಿಪ್ರಾಯದ ಹಾಳೆಯಲ್ಲಿ ಬರೆದೂ ಬರೆದೆ.

ಮುಂದಿನ ತಿಂಗಳು ಹೊಸ ಪತ್ತೇದಾರಿ ಪುಸ್ತಕ ಬಂತು. ಅದರಲ್ಲೂ ಒಬ್ಬ ಕಾಂಪೌಂಡರ್ ಇದ್ದ. ಅಂಗಡಿ ತುಂಬ ಜನ. ನಾನು ಕೊನೆಯ ಹಾಳೆ ತೆರೆದೆ. ಅದೇ ದುಂಡಗಿನ ಅಕ್ಷರ:

“ಈ ಸಲವೂ ಕಾಂಪೌಂಡರ್ ಅಲ್ಲ ಅಣ್ಣಾ. ನಿಯಮ ಮುರಿದು ಇಷ್ಟು ಹೇಳಿದ್ದೇನೆ, ಬೇಕಾದರೆ ಒಂದು ತಿಂಗಳು ನನಗೆ ಪುಸ್ತಕ ಕೊಡಬೇಡಿ.”

ಕೆಳಗೆ ಹದಿನಾಲ್ಕು ವರ್ಷದಿಂದ ಇದ್ದ ಸಹಿ ಇರಲಿಲ್ಲ. “ಮೆಹರ್ ಬಾನು, ಹರಿಹರ” ಎಂದಿತ್ತು.